ಪದಚರ್ಚೆ: ಶಾಸಕರು ಸರ್ಕಾರವನ್ನು ‘ಉತ್ತರದಾಯಿ’ಯಾಗಿಸುವರೋ, ಲೆಕ್ಕ ಕೇಳುವರೋ?

ಮಡಿಕೇರಿಯಿಂದ ಪ್ರಶ್ನೆ

ಮಾನ್ಯರೇ, ಇಲ್ಲಿ ನಡೆಯಲಿರುವ ಒಂದು ವಿಚಾರಗೋಷ್ಠಿಯ ಫಲಕದ ಒಕ್ಕಣೆಯನ್ನು ನಾಳೆ ಸಂಜೆಯೊಳಗೆ ಮುದ್ರಣಾಲಯಕ್ಕೆ ತಲುಪಿಸಬೇಕಾಗಿದೆ. ವಿವಾದದ ನಡುವೆ ಅಧಿಕಾರಕ್ಕೆ ಬಂದ ಹೊಸ ಸರ್ಕಾರವನ್ನು ಶಾಸಕರು ‘ಅಕೌಂಟಬಲ್’ ಆಗಿ ಇರಿಸಬಲ್ಲರೇ ಎಂಬುದು ವಿಷಯ. ನಾನು ‘ಉತ್ತರದಾಯಿಯಾಗಿಸಬಲ್ಲರೇ’ ಎಂದು ಬರೆದೆ. ಸಂಘಟಕರಲ್ಲೊಬ್ಬರಾದ ನಿವೃತ್ತ ಮೇಷ್ಟರು ಅದನ್ನು ನೋಡಿ, ಸಂತೆಗೆ ಬಂದವರು ಓದಿದರೆ ಸರ್ಕಾರಕ್ಕೆ ಯಾವುದೋ ಬಿರುದು ಪ್ರದಾನ ಮಾಡುತ್ತಿದ್ದೇವೆಂದು ತಿಳಿದಾರು ಎಂದರು. ‘ಹೊಣೆಗಾರರನ್ನಾಗಿಸು’ ಎಂದರೆ ಬೇರೆ ತೊಡಕು. ಪತ್ರಿಕೆಗಳಲ್ಲಿ ‘ಅಪಘಾತಕ್ಕೆ ಹೊಣೆಗಾರರು’ ಎಂಬಂಥ ಬಳಕೆ ರೂಢಿಯಾಗಿ ಆ ಪದಕ್ಕೆ ಅಪರಾಧದ ವಾಸನೆ ಅಂಟಿದೆ. ಪ್ರಮಾಣವಚನ ಸ್ವೀಕರಿಸಿ ಇನ್ನೂ ತಿಂಗಳಾಗದ ಸರ್ಕಾರ ತಪ್ಪು ಮಾಡಿದೆಯೆಂದು ಫಲಕವೇ ತೀರ್ಪು ಕೊಟ್ಟಂತಾಗುತ್ತದೆ.

ಒಂದು ಉಪನ್ಯಾಸ 1952ರಿಂದ 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಿನ ವಿಧಾನಸಭೆಯನ್ನು ಕುರಿತದ್ದು. 24 ಸದಸ್ಯರ ಸಭೆ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚನವರು ಸೇರಿ ಇಬ್ಬರೇ ಮಂತ್ರಿಗಳು, ಎದುರಿಗೆ ತಕ್ಕಡಿ ಗುರುತಿನಿಂದ ಗೆದ್ದು ಬಂದವರು, ಎಲ್ಲರ ಮೇಲೆ ಕೇಂದ್ರ ಸರ್ಕಾರದ ಚೀಫ್ ಕಮಿಷನರ್. ಇನ್ನೊಂದು ಉಪನ್ಯಾಸ 2010ರ ಅಕ್ಟೋಬರ್ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ವಿಶ್ವಾಸಮತದ ಸುತ್ತ ನಡೆದ ಘಟನೆಗಳದ್ದು. ಎರಡಕ್ಕೂ ಹೊಂದುವ ಒಂದೇ ಪದ ಬೇಕು.

ಕುಶಾಲನಗರದಿಂದ

‘ಉತ್ತರದಾಯಿತ್ವ’ ಹಿಂದಿಯ ಹಿತ್ತಿಲಿನಿಂದ ಕಿತ್ತು ತಂದು ನೆಟ್ಟ ಗಿಡ. ‘ಹೊಣೆ’ ಇರುವಾಗ ಪ್ರಶ್ನೆಯೇ ಏಳಬಾರದು. ಹಳಗನ್ನಡದ ‘ಪೊಣೆ’, ತಮಿಳಿನ ‘ಪುಣೈ’ ಇದರ ಒಡಹುಟ್ಟುಗಳು. ಒಬ್ಬನ ಮಾತಿಗೆ ಮತ್ತೊಬ್ಬ ಜಾಮೀನಾಗಿ ನಿಲ್ಲುವುದೇ ಹೊಣೆ. ಆಳುವವರು ನಾಡಿಗೆ ಹೊಣೆ. ಪತ್ರಿಕೆಯವರು ಕೆಡಿಸಿದರೆಂದು ಪದವನ್ನು ಬಿಡುವುದಾದರೆ ನುಡಿಯಲ್ಲಿ ಏನು ಉಳಿದೀತು?

ವಿರಾಜಪೇಟೆಯಿಂದ

ಕುಶಾಲನಗರದ ಹಿರಿಯರು ತಮ್ಮ ವ್ಯುತ್ಪತ್ತಿಯಿಂದಲೇ ತಮ್ಮ ವಾದವನ್ನು ಬೀಳಿಸಿಕೊಂಡಿದ್ದಾರೆ. ಹೊಣೆ ಒಂದು ಸ್ಥಿತಿಯೇ ಹೊರತು ಕ್ರಿಯೆಯಲ್ಲ. ಸಂವಿಧಾನದ 164ನೆಯ ಅನುಚ್ಛೇದದ ಪ್ರಕಾರ ರಾಜ್ಯದ ಮಂತ್ರಿಮಂಡಲ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ಯಾರೂ ಬಾಯಿ ತೆರೆಯದಿದ್ದರೂ ಆ ಹೊಣೆ ಹಾಗೆಯೇ ಇರುತ್ತದೆ. ಗೋಷ್ಠಿಯ ಪ್ರಶ್ನೆಯಿರುವುದು ಬಾಯಿ ತೆರೆಯುವವರ ಬಗ್ಗೆ. ಪ್ರಶ್ನೋತ್ತರ ವೇಳೆ, ಗಮನ ಸೆಳೆಯುವ ಸೂಚನೆ, ನಿಲುವಳಿ ಸೂಚನೆ, ಕೊನೆಗೆ ಅವಿಶ್ವಾಸ ನಿರ್ಣಯ, ಇವೆಲ್ಲವೂ ಕೇಳುವ ಉಪಾಯಗಳು. 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ನಿಷೇಧದ ಹತ್ತನೆಯ ಅನುಸೂಚಿ ಸೇರಿದ ಮೇಲೆ ಆಡಳಿತ ಪಕ್ಷದ ಸದಸ್ಯನೊಬ್ಬ ಪಕ್ಷದ ಸಚೇತಕಾಜ್ಞೆಯನ್ನು (ವಿಪ್) ಮೀರಿ ಮತ ಹಾಕಿದರೆ ತನ್ನ ಸ್ಥಾನವನ್ನೇ ಪಣಕ್ಕಿಟ್ಟಂತಾಗುತ್ತದೆಯಾದ್ದರಿಂದ, ಸರ್ಕಾರವನ್ನು ಮತದ ಮೂಲಕ ಕೇಳುವ ಕೆಲಸ ಬಹುಮಟ್ಟಿಗೆ ವಿರೋಧ ಪಕ್ಷದ ಪಾಲಿಗೇ ಉಳಿದಿದೆ.

2010ನ್ನೇ ನೋಡಿ. ವಿಶ್ವಾಸಮತಕ್ಕೆ ಮುನ್ನ 11 ಮಂದಿ ಆಡಳಿತ ಪಕ್ಷದ ಶಾಸಕರೂ 5 ಮಂದಿ ಪಕ್ಷೇತರರೂ ಸಭಾಧ್ಯಕ್ಷರ ಆದೇಶದಿಂದ ಅನರ್ಹಗೊಂಡರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದುಪಡಿಸುವ ಹೊತ್ತಿಗೆ ಮತದಾನ ಮುಗಿದು ತಿಂಗಳುಗಳೇ ಕಳೆದಿದ್ದವು. ಅಂದಿನ ಸಭಾಧ್ಯಕ್ಷರಾದ ಕೆ.ಜಿ. ಬೋಪಯ್ಯನವರು ನಮ್ಮ ಕ್ಷೇತ್ರದವರೇ ಆದ್ದರಿಂದ ಇಲ್ಲಿ ಆ ಕುರಿತು ಎರಡು ಬಗೆಯ ಮಾತುಗಳಿವೆ. ಅವನ್ನು ಈ ಚರ್ಚೆಗೆ ಎಳೆಯುವುದಿಲ್ಲ. ಕೇಳುವವನು ಸದನದ ಹೊರಗಿದ್ದರೆ ಹೊಣೆ ಎಷ್ಟಿದ್ದರೂ ಅದು ಕಾಗದದ ಮೇಲಷ್ಟೇ ಇರುತ್ತದೆ. ಆದ್ದರಿಂದ ಕೇಳುವವನು ಪದದೊಳಗೇ ಕಾಣಿಸಬೇಕು. ‘ಜವಾಬು ಕೇಳು’ ಎನ್ನಿ. ‘ಜವಾಬ್ದಾರಿ’ಯ ಮೂಲಾರ್ಥವೂ ಅದೇ: ಅರಬ್ಬಿಯ ‘ಜವಾಬ್’ ಎಂದರೆ ಉತ್ತರ, ಪಾರಸಿಯ ‘ದಾರ್’ ಎಂದರೆ ಉಳ್ಳವನು. ಉತ್ತರದಾಯಿ ಎಂಬವನು ಅದೇ ಆಸಾಮಿ, ಪಂಚೆ ಬೇರೆ ಉಟ್ಟಿದ್ದಾನೆ ಅಷ್ಟೆ. ಆದರೆ ಜವಾಬ್ದಾರಿ ಸವೆದು ಸವೆದು ಮನೆಯ ಹಿರಿಮಗನ ಕರ್ತವ್ಯವಾಗಿಬಿಟ್ಟಿದೆ.

ಕುಶಾಲನಗರದಿಂದ

ಜವಾಬು ಪರನುಡಿ. ಒಪ್ಪುವುದಿಲ್ಲ.

ವಿರಾಜಪೇಟೆಯಿಂದ

ಫಲಕದಲ್ಲಿರುವ ‘ಸರ್ಕಾರ’ವೂ ಪಾರಸಿಯೇ, ಸ್ವಾಮಿ. ಅದನ್ನು ಎಲ್ಲಿಗೆ ಕಳುಹಿಸುತ್ತೀರಿ? ಕೊಡಗನ್ನಾಳಿದ ಹಾಲೇರಿ ಅರಸರು ಕನ್ನಡದಲ್ಲೇ ಆಡಳಿತ ನಡೆಸಿದರೂ ಅವರಲ್ಲೊಬ್ಬನಾದ ಲಿಂಗರಾಜೇಂದ್ರನ ಕಟ್ಟಳೆಗಳಿಗೆ ‘ಹುಕುಂನಾಮೆ’ ಎಂಬ ಪರನುಡಿಯ ಹೆಸರೇ ನಿಂತಿತು. ಸುಬೇದಾರರು ಈ ನಾಡಿನಲ್ಲಿ ತಲೆತಲಾಂತರ ಕಂದಾಯ ಎತ್ತಿದರು. ಅವರ ಹುದ್ದೆಯ ಹೆಸರು ಅಚ್ಚಗನ್ನಡವಲ್ಲವೆಂದು ಯಾವ ರೈತನೂ ಕಂದಾಯ ತಪ್ಪಿಸಿಕೊಂಡದ್ದಿಲ್ಲ.

ಕುಶಾಲನಗರದಿಂದ

‘ಸರ್ಕಾರ’ಕ್ಕೆ ‘ಆಳ್ವಿಕೆ’ ಎನ್ನಬಹುದು. ಬಂದದ್ದೆಲ್ಲ ನಮ್ಮದೆನ್ನುವುದಾದರೆ ಪದಚರ್ಚೆ ಏಕೆ ಬೇಕು?

ವಿರಾಜಪೇಟೆಯಿಂದ

ಆಳ್ವಿಕೆ ವಿಶ್ವಾಸಮತ ಯಾಚಿಸುವುದಿಲ್ಲ.

ಸೋಮವಾರಪೇಟೆಯಿಂದ

ಕೇಳಿದವರಿಗೆ ನಾಳೆಯೇ ಪದ ಬೇಕೆಂಬುದನ್ನು ಇಬ್ಬರೂ ಮರೆತಂತಿದೆ. ನಾನು ಭಾಷಾತಜ್ಞನಲ್ಲ, ಕಾಫಿ ಬೆಳೆಗಾರ. ನಮ್ಮ ತೋಟಗಳಲ್ಲಿ ಈ ಕೆಲಸಕ್ಕೆ ಜೋಡಿ ಮಾತುಗಳಿವೆ. ರೈಟರು, ಅಂದರೆ ತೋಟದ ಗುಮಾಸ್ತ, ಲೆಕ್ಕ ಒಪ್ಪಿಸುತ್ತಾನೆ, ಮಾಲೀಕ ಲೆಕ್ಕ ಕೇಳುತ್ತಾನೆ. ಎಷ್ಟು ಆಳು ಬಂದರು, ಎಷ್ಟು ಹಣ್ಣು ಕೊಯ್ದರು, ಕೂಲಿ ಎಷ್ಟು ಬಟವಾಡೆಯಾಯಿತು ಎಂಬುದರಿಂದ ಆರಂಭವಾದ ಮಾತು, ನೆರಳಿನ ಮರದ ರೆಂಬೆಯನ್ನು ಏಕೆ ಕಡಿಸಿದೆ, ಯಾರನ್ನು ಕೇಳಿ ಕಡಿಸಿದೆ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಲೆಕ್ಕ ಕೇಳಿದಾಕ್ಷಣ ರೈಟರನನ್ನು ಕಳ್ಳನೆಂದಂತಾಗುವುದಿಲ್ಲ. ಹೊಸದಾಗಿ ಸೇರಿದವನಾದರೆ ಇನ್ನೂ ಹೆಚ್ಚು ಕೇಳುತ್ತೇವೆ. ಕೊಡುವವನೂ ಕೇಳುವವನೂ ಇಬ್ಬರೂ ಇರುವ ಮಾತು ಇದು. ಇದನ್ನು ಬಿಟ್ಟು ಅರಬ್ಬಿಗೂ ಹಳಗನ್ನಡಕ್ಕೂ ಏಕೆ ಹೋಗಬೇಕು?

ವಿರಾಜಪೇಟೆಯಿಂದ

‘ಲೆಕ್ಕ’ ಎಂದರೆ ಹಣಕಾಸಿಗಷ್ಟೇ ಸೀಮಿತವಾದೀತೆಂಬ ಅಳುಕು ನನಗೆ ಮೊದಲು ಇತ್ತು. ಯೋಚಿಸಿದರೆ, ಸದನಕ್ಕೆ ಸರ್ಕಾರದ ಮೇಲಿರುವ ಹಿಡಿತ ಹುಟ್ಟಿದ್ದೇ ಹಣದ ಪ್ರಶ್ನೆಯಿಂದ. ಅನುದಾನದ ಬೇಡಿಕೆಗಳಿಗೆ ಸಭೆ ಒಪ್ಪಿಗೆ ಕೊಡದಿದ್ದರೆ ಖಜಾನೆಯ ಬಾಗಿಲು ತೆರೆಯುವುದಿಲ್ಲ. ವೆಚ್ಚವಾದ ಮೇಲೆ ಮಹಾಲೆಕ್ಕ ಪರಿಶೋಧಕರ ವರದಿಯನ್ನು ಮುಂದಿಟ್ಟುಕೊಂಡು ಅಧಿಕಾರಿಗಳನ್ನು ಕರೆಸಿ ಕೇಳುವ ಸಮಿತಿಯ ಹೆಸರೇ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಮತ್ತು ಅದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವ ವಾಡಿಕೆಯಿದೆ. ‘ಜವಾಬು’ ಎಂಬ ನನ್ನ ಸೂಚನೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಎಚ್ಚರಿಕೆ ಮಾತ್ರ: ಯಾರಾದರೂ ‘ಲೆಕ್ಕ ತೀರಿಸು’ ಎಂದು ತಿದ್ದಿಬಿಟ್ಟರೆ ವಿಚಾರಗೋಷ್ಠಿ ಹಳೆಯ ಹಗೆಯ ಕಥೆಯಾಗುತ್ತದೆ.

ಕುಶಾಲನಗರದಿಂದ

‘ಲೆಕ್ಕ’ವೂ ಸಂಸ್ಕೃತದ ‘ಲಿಖ್’ ಧಾತುವಿನ ಬಳಗದ್ದು, ತದ್ಭವ. ತದ್ಭವವಾದ್ದರಿಂದ ಸಹಿಸಬಹುದು. ಆದರೂ ‘ಹೊಣೆ’ಯನ್ನು ಬಿಟ್ಟದ್ದು ತಪ್ಪು.

ಮಡಿಕೇರಿಯಿಂದ

ಎಲ್ಲರಿಗೂ ವಂದನೆಗಳು. ‘ಹೊಸ ಸರ್ಕಾರವನ್ನು ಶಾಸಕರು ಲೆಕ್ಕ ಕೇಳಬಲ್ಲರೇ?’ ಎಂಬ ಒಕ್ಕಣೆ ಮುದ್ರಣಾಲಯಕ್ಕೆ ಹೋಗಿದೆ. ಮೇಷ್ಟರು ಒಪ್ಪಿದರು. ಕುಶಾಲನಗರದ ಹಿರಿಯರ ಮಾತಿನಂತೆ ಆಹ್ವಾನಪತ್ರಿಕೆಯ ಒಳಪುಟದಲ್ಲಿ, 164ನೆಯ ಅನುಚ್ಛೇದವನ್ನು ಹೇಳುವ ಕಡೆ, ‘ಹೊಣೆ’ಯನ್ನೇ ಬಳಸಿದ್ದೇನೆ, ಅಲ್ಲಿ ಅದು ಸರಿಯಾಗಿ ಕೂರುತ್ತದೆ. ‘ಸರ್ಕಾರ’ಕ್ಕೆ ಮೊದಲು ‘ವಿವಾದಿತ’ ಬರಬೇಕೋ ‘ವಿವಾದಾಸ್ಪದ’ ಬರಬೇಕೋ ಎಂಬ ಇನ್ನೊಂದು ಪ್ರಶ್ನೆಯನ್ನೂ ಇಲ್ಲಿ ಕೇಳಬೇಕೆಂದಿದ್ದೆ. ಫಲಕದ ಅಗಲ ಸಾಲದೆಂದು ಮುದ್ರಣಾಲಯದವರು ಎರಡನ್ನೂ ಕೈಬಿಟ್ಟಿದ್ದಾರೆ.