ಸಹಾಯ ಬೇಕು: ಮಳೆ ಬಂದ್ರೆ ಬಾತ್‌ರೂಮಿಗೆ ಚರಂಡಿ ನೀರು ನುಗ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೀದಿಯ ತಗ್ಗಿನಲ್ಲಿರೋ ಗ್ರೌಂಡ್ ಫ್ಲೋರ್ ಮನೆ. ಜೋರು ಮಳೆ ಬಂತೆಂದರೆ ಸಾಕು, ಬಾತ್‌ರೂಮಿನ ಜಾಲಿ ಗುಳುಗುಳು ಅನ್ನುತ್ತೆ, ಹಿಂದೆಯೇ ಕಪ್ಪು ನೀರು ಉಕ್ಕಿ ಹಾಲ್‌ವರೆಗೂ ಬರುತ್ತೆ. ಮ್ಯಾನ್‌ಹೋಲ್ ಕ್ಲೀನ್ ಮಾಡಿಸಿದ್ದಾಯ್ತು. ಬಿಸಿಲಿದ್ದಾಗ ಏನೂ ತೊಂದರೆ ಇಲ್ಲ. ಯಾರೋ ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಗೇ ಸೇರಿಸಿದ್ದಾರೆ ಅಂತ ನನ್ನ ಅನುಮಾನ. (ಕೇಳಿದ್ರೆ ಎಲ್ಲರೂ "ನಮ್ದಲ್ಲ" ಅಂತಾರೆ!)

ಪ್ಲಂಬರ್ ನಾನ್ ರಿಟರ್ನ್ ವಾಲ್ವ್ (ನೀರು ಹೊರಗೆ ಹೋಗೋಕೆ ಬಿಟ್ಟು, ವಾಪಸ್ ಬರದಂತೆ ತಡೆಯೋ ವಾಲ್ವ್) ಹಾಕಿಸಿ ಅಂತಿದ್ದಾರೆ. ಅದು ಮುಚ್ಚಿಕೊಂಡಾಗ ನಮ್ಮ ಮನೆ ನೀರೂ ಹೊರಗೆ ಹೋಗಲ್ವಲ್ಲ? ಮೇಲ್ಮಹಡಿಯ ಪೈಪೂ ನಮ್ಮ ಚೇಂಬರಿಗೇ (ಮನೆಯ ಚರಂಡಿ ಪೈಪುಗಳು ಬಂದು ಸೇರೋ ಗುಂಡಿ) ಬರುತ್ತೆ. ಹಾಗಾದ್ರೆ ವಾಲ್ವ್ ಚೇಂಬರಿಗೆ ಮುಂಚೆ ಹಾಕಿಸಬೇಕಾ, ಆಮೇಲಾ? ಕಸ ಸಿಕ್ಕಿದ್ರೆ ಬಿಚ್ಚಿ ತೊಳೆಯೋಕೆ ಆಗುತ್ತಾ? ಹಾಕಿಸಿದವರು ಯಾರಾದ್ರೂ ಇದ್ದರೆ ದಯವಿಟ್ಟು ತಿಳಿಸಿ, ಮುಂದಿನ ಮಳೆಗೆ ಮುಂಚೆ.