ಅಪಾರ್ಟ್‌ಮೆಂಟ್ ಗ್ರೂಪಲ್ಲಿ ‘ಕಳ್ಳ’ ಅಂದೆ, 50 ಲಕ್ಷದ ನೋಟಿಸ್ ಬಂತು

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ): ಮೇಡಂ, ನಮಸ್ಕಾರ. ಬೆಂಗಳೂರಿನಲ್ಲಿ 84 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಮೋಟರ್ ರಿಪೇರಿಗೆ 3.40 ಲಕ್ಷ ಖರ್ಚು ತೋರಿಸಿದರು. ಕೊಟೇಶನ್ ಒಂದೇ ಒಂದು. ಬಿಲ್ ಕೇಳಿದರೆ ‘ಮೀಟಿಂಗಲ್ಲಿ ಕೊಡ್ತೀವಿ’ ಅಂತ ಮೂರು ತಿಂಗಳು ತಳ್ಳಿದರು. ಒಂದು ರಾತ್ರಿ ವಾಟ್ಸಾಪ್ ಗ್ರೂಪಲ್ಲಿ ನನಗೂ ಖಜಾಂಚಿಗೂ ಜಟಾಪಟಿ ಆಯಿತು. ಅವರು ‘ಮೇಂಟೆನೆನ್ಸ್ ಕಟ್ಟೋಕೆ ಗತಿ ಇಲ್ಲದವರೆಲ್ಲ ಲೆಕ್ಕ ಕೇಳ್ತಾರೆ’ ಅಂದರು. ನಾನು ಒಂದು ತಿಂಗಳೂ ಬಾಕಿ ಇಟ್ಟವನಲ್ಲ. ತಲೆ ಕೆಟ್ಟು ‘ನಮ್ಮ ದುಡ್ಡು ತಿಂದು ತೇಗಿದ ಕಳ್ಳ ನೀನು’ ಅಂತ ಬರೆದೆ. ಬೆಳಿಗ್ಗೆ ಎದ್ದು ಡಿಲೀಟ್ ಮಾಡಿದೆ. ಹತ್ತು ದಿನಕ್ಕೆ ವಕೀಲರ ನೋಟಿಸ್ ಬಂತು. 7 ದಿನದಲ್ಲಿ ಬೇಷರತ್ ಕ್ಷಮೆ, 50 ಲಕ್ಷ ಪರಿಹಾರ, ಇಲ್ಲದಿದ್ದರೆ ಸಿವಿಲ್ಲು, ಕ್ರಿಮಿನಲ್ಲು ಎರಡೂ ಹಾಕುತ್ತಾರಂತೆ. ಊಟ ಸೇರುತ್ತಿಲ್ಲ ಮೇಡಂ. ಜೈಲಾಗುತ್ತಾ? ಗ್ರೂಪ್‌ನಿಂದ ಹೊರಗೆ ಬಂದುಬಿಡಲಾ?

ವಕೀಲರ ಉತ್ತರ: ಮೊದಲು ಊಟ ಮಾಡಿ. ನೋಟಿಸ್ ಅಂದರೆ ಕೇಸ್ ಅಲ್ಲ, ಕೋರ್ಟಿನ ಆದೇಶವೂ ಅಲ್ಲ. ಅವರ ವಕೀಲರು ಅವರ ಪರವಾಗಿ ಬರೆದ ಕಾಗದ, ಅಷ್ಟೇ. 50 ಲಕ್ಷ ನೋಡಿ ಹೆದರಿದ್ದೀರಿ ಅಲ್ವಾ? ನೋಟಿಸಲ್ಲಿ ಐದು ಕೋಟಿ ಅಂತ ಬರೆದರೂ ಖರ್ಚಿಲ್ಲ. ಕೋರ್ಟಲ್ಲಿ ದಾವೆ ಹಾಕುವಾಗ ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಅಲ್ಲಿಗೆ ಬಂದಾಗ ಎಷ್ಟೋ ಜನರ ಸೊನ್ನೆಗಳು ತಾವಾಗೇ ಉದುರುತ್ತವೆ.

ಹಾಗಂತ ಕಸದ ಬುಟ್ಟಿಗೆ ಹಾಕಬೇಡಿ. ನೀವು ಬರೆದ ಮಾತು ಸಣ್ಣದಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಮಾನನಷ್ಟಕ್ಕಿದ್ದ ಹಳೆಯ ದಂಡ ಸಂಹಿತೆಯ (ಐಪಿಸಿ) 499, 500 ಈಗ ಅದರ 356ನೇ ಸೆಕ್ಷನ್. ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಆದರೆ ಇದು ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ಹಿಡಿದುಕೊಂಡು ಹೋಗುವ ಅಪರಾಧ ಅಲ್ಲ. ಜಾಮೀನು ಸಿಗುವಂಥದ್ದು. ಅವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು, ನಮ್ಮ ಭಾಷೆಯಲ್ಲಿ ಪಿಸಿಆರ್, ಹಾಕಬೇಕು. ಹೊಸ ಕಾನೂನಿನಲ್ಲಿ ಮ್ಯಾಜಿಸ್ಟ್ರೇಟ್ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವ ಮೊದಲೇ ನಿಮ್ಮ ಮಾತನ್ನೂ ಕೇಳಬೇಕು. ಈ ದೂರು ಹಾಕಲು ಅವರಿಗೆ ಮೂರು ವರ್ಷ ಟೈಮಿದೆ. ಪರಿಹಾರ ಕೇಳುವ ಸಿವಿಲ್ ದಾವೆಗೆ ಬರೆದ ದಿನದಿಂದ ಒಂದೇ ವರ್ಷ.

ಡಿಲೀಟ್ ಮಾಡಿದ್ದು ಕೆಲಸಕ್ಕೆ ಬರಲಿಲ್ಲ ಅಂತ ನಿಮಗೇ ಗೊತ್ತಾಗಿದೆ. 84 ಮನೆಯಲ್ಲಿ ಒಬ್ಬರಾದರೂ ಸ್ಕ್ರೀನ್‌ಶಾಟ್ ಇಟ್ಟಿರುತ್ತಾರೆ. ಈಗ ಇನ್ನೇನನ್ನೂ ಅಳಿಸಬೇಡಿ, ಇಡೀ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಫೋನ್ ಬದಲಿಸುವ ಯೋಚನೆ ಇದ್ದರೆ ಮುಂದಕ್ಕೆ ಹಾಕಿ. ‘ಗತಿ ಇಲ್ಲದವರು’ ಅಂದ ಅವರ ಮಾತೂ, ಮೂರು ತಿಂಗಳು ನೀವು ಬಿಲ್ ಕೇಳಿದ್ದೂ ಅಲ್ಲೇ ಇದೆ, ಅದು ನಿಮ್ಮ ಆಸ್ತಿ. ಕೋರ್ಟಿಗೆ ಬರೀ ಸ್ಕ್ರೀನ್‌ಶಾಟ್ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ ಸರ್ಟಿಫಿಕೇಟ್ ಬೇಕು. ಇದು ಅವರಿಗೂ ಅನ್ವಯ. ಗ್ರೂಪ್ ಬಿಡುವುದು ಬಿಡದಿರುವುದು ನಿಮ್ಮಿಷ್ಟ, ಬರೆಯುವುದನ್ನು ಮಾತ್ರ ನಿಲ್ಲಿಸಿ.

ಅದೇ ಪ್ರಶ್ನೆ ಕೇಳಿದವರು: ಆದರೆ ಮೇಡಂ, ಅವರು ದುಡ್ಡು ಹೊಡೆದಿದ್ದು ನಿಜ ಆದರೆ? ನಿಜ ಹೇಳಿದರೂ ಮಾನನಷ್ಟವಾ?

ಉತ್ತರ: ಸಿವಿಲ್ ಕೇಸಲ್ಲಿ ಸತ್ಯವೇ ಪೂರ್ತಿ ರಕ್ಷಣೆ. ಕ್ರಿಮಿನಲ್‌ನಲ್ಲಿ ಆ 356ನೇ ಸೆಕ್ಷನ್ನಿನ ಮೊದಲನೇ ವಿನಾಯಿತಿ ಓದಿ, ಮಾತು ನಿಜವಾಗಿರಬೇಕು, ಜೊತೆಗೆ ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ಆಗಬೇಕು. ತನ್ನ ಅಥವಾ ಬೇರೆಯವರ ಹಿತ ಕಾಪಾಡಲು ಒಳ್ಳೆಯ ಮನಸ್ಸಿನಿಂದ ಹೇಳಿದ್ದು ಅನ್ನುವ ಒಂಬತ್ತನೇ ವಿನಾಯಿತಿಯೂ ನಿಮಗೆ ಹತ್ತಿರದ್ದು. ಆದರೆ ಇದೆಲ್ಲ ಸಾಬೀತು ಮಾಡಬೇಕಾದವರು ನೀವು. ನಿಮ್ಮ ಹತ್ತಿರ ಇರುವುದು ಏನು? ಒಂದೇ ಕೊಟೇಶನ್, ಕೊಡದ ಬಿಲ್. ಇದರಿಂದ ಅನುಮಾನ ಹುಟ್ಟುತ್ತದೆ, ಕಳ್ಳತನ ಸಾಬೀತಾಗಲ್ಲ. ‘3.40 ಲಕ್ಷಕ್ಕೆ ಒಂದೇ ಕೊಟೇಶನ್ ಯಾಕೆ, ಬಿಲ್ ಎಲ್ಲಿ’ ಅಂತ ದಿನಾ ಹತ್ತು ಸಲ ಕೇಳಿದ್ದರೂ ನಾನು ನಿಮ್ಮ ಪರ ನೆಮ್ಮದಿಯಾಗಿ ನಿಲ್ಲುತ್ತಿದ್ದೆ. ಪ್ರಶ್ನೆ ಬಿಲ್ಲಿನ ಮೇಲಿತ್ತು. ‘ಕಳ್ಳ’ ಅಂದ ಕೂಡಲೇ ಅದು ಮನುಷ್ಯನ ಮೇಲೆ ಹೋಯಿತು.

ನಿಮ್ಮ ಸಂಘ ಸೊಸೈಟಿ ಕಾಯ್ದೆಯಲ್ಲಿ ನೋಂದಣಿ ಆಗಿದ್ದರೆ ದಾರಿ ಬೇರೆ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ 25ನೇ ಸೆಕ್ಷನ್. ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಹಾಕಿ ಕೇಳಿದರೆ ರಿಜಿಸ್ಟ್ರಾರ್ ವಿಚಾರಣೆ ಮಾಡಬೇಕು. 84ರಲ್ಲಿ 28 ಸಹಿ. ಕಷ್ಟ, ಆಗದ್ದೇನಲ್ಲ. ಅಧಿಕಾರ ಇರುವವರ ಮುಂದೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ದೂರಿಗೆ ಕಾನೂನಿನಲ್ಲೇ ರಕ್ಷಣೆ ಇದೆ.

ಇನ್ನೊಬ್ಬ ಸದಸ್ಯರು: ನಾನು ಹೆಸರು ಹಾಕದೆ ‘ನಮ್ಮ ಖಜಾಂಚಿಗಳು ಹರಿಶ್ಚಂದ್ರನ ಮೊಮ್ಮಗ, ಒಂದು ಪೈಸೆ ಮುಟ್ಟಲ್ಲ 😂’ ಅಂತ ಹಾಕುತ್ತೇನೆ. ಹೊಗಳಿದ್ದೇ ಅಲ್ವಾ? ಏನು ಮಾಡ್ತಾರೆ?

ಉತ್ತರ: ಈ ಜಾಣತನಕ್ಕೆ ವಯಸ್ಸು 160 ದಾಟಿದೆ ಸರ್. 1860ರ ದಂಡ ಸಂಹಿತೆಯಲ್ಲೇ ಇದಕ್ಕೆ ಉದಾಹರಣೆ ಕೊಟ್ಟಿದ್ದಾರೆ. ‘ಅವನು ಪ್ರಾಮಾಣಿಕ, ಅವನು ಆ ಗಡಿಯಾರ ಕದ್ದೇ ಇಲ್ಲ’ ಅಂತ ಒಬ್ಬ ಹೇಳುತ್ತಾನೆ, ಕದ್ದವನು ಅವನೇ ಅಂತ ಜನ ನಂಬಲಿ ಅನ್ನುವ ಉದ್ದೇಶದಿಂದ. ಅದೂ ಮಾನನಷ್ಟ. ಗಡಿಯಾರ ಕದ್ದವರು ಯಾರು ಅಂದಾಗ ಬಾಯಿ ಬಿಡದೆ ಒಬ್ಬರ ಕಡೆ ಬೆರಳು ತೋರಿಸಿದರೂ ಮಾನನಷ್ಟ. ಗಡಿಯಾರ ಹಿಡಿದು ಓಡುತ್ತಿರುವ ಹಾಗೆ ಅವನ ಚಿತ್ರ ಬರೆದರೂ ಮಾನನಷ್ಟ. ಈಗಿನ ಮೀಮ್ ಅಂದರೆ ಅದೇ ತಾನೇ? ಹೊಸ ಕಾನೂನಿಗೂ ಆ ಗಡಿಯಾರ ಹಾಗೇ ಬಂದಿದೆ. ಹೆಸರು ಹಾಕಿಲ್ಲ ಅನ್ನುವುದೂ ನಡೆಯಲ್ಲ, ನಿಮ್ಮ ಅಪಾರ್ಟ್‌ಮೆಂಟಿಗೆ ಇರುವವರೇ ಒಬ್ಬ ಖಜಾಂಚಿ.

ಮೈಸೂರಿನಿಂದ ಒಬ್ಬರು: ಮೇಡಂ, ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದಾಗಿದೆ, ಆನ್‌ಲೈನಲ್ಲಿ ಬರೆದಿದ್ದಕ್ಕೆ ಕೇಸ್ ಆಗಲ್ಲ ಅಂತ ನಮ್ಮ ಭಾವ ಹೇಳುತ್ತಾರೆ. ಇನ್ನೊಂದು, ನಾನು ಎರಡು ಗ್ರೂಪಿಗೆ ಅಡ್ಮಿನ್, ಯಾರೋ ಬರೆದಿದ್ದು ನನ್ನ ತಲೆಗೆ ಬರುತ್ತಾ?

ಉತ್ತರ: ಭಾವನವರು ಅರ್ಧ ಹೇಳಿದ್ದಾರೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ 66ಎ ರದ್ದು ಮಾಡಿದ್ದು ನಿಜ. ಮರುವರ್ಷವೇ, 2016ರಲ್ಲಿ, ಸುಬ್ರಮಣಿಯನ್ ಸ್ವಾಮಿ ಕೇಸಲ್ಲಿ ಅದೇ ಕೋರ್ಟ್ ಕ್ರಿಮಿನಲ್ ಮಾನನಷ್ಟ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದಿತು. ನನ್ನ ಕೇಳಿದರೆ ಮಾತಿಗೆ ಜೈಲು ಇರಲೇಬಾರದು, ದುಡ್ಡಿನ ಪರಿಹಾರ ಸಾಕು. ಆದರೆ ಕಾನೂನು ನನ್ನ ಕೇಳಿ ಬರೆದಿಲ್ಲ.

ಅಡ್ಮಿನ್‌ಗಳು ಜಾಸ್ತಿ ಹೆದರಬೇಕಿಲ್ಲ. 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದು ಚೆನ್ನಾಗಿದೆ, ಗ್ರೂಪಲ್ಲಿ ಬಂದ ಮಾತಿಗೆ ಅಡ್ಮಿನ್‌ನನ್ನು ಹಿಡಿಯುವುದು ಪತ್ರಿಕೆಯಲ್ಲಿ ಬಂದ ಮಾತಿಗೆ ಕಾಗದ ತಯಾರಿಸಿದವರನ್ನು ಹಿಡಿದ ಹಾಗೆ ಅಂತ. ಆಮೇಲೆ ಬಾಂಬೆ, ಕೇರಳ ಹೈಕೋರ್ಟುಗಳೂ ಸುಮ್ನೆ ಅಡ್ಮಿನ್ ಆಗಿದ್ದಕ್ಕೆ ಹೊಣೆ ಇಲ್ಲ ಅಂದಿವೆ. ನೀವೇ ಬರೆಸಿದ್ದರೆ ಕಥೆ ಬೇರೆ. ಫಾರ್ವರ್ಡ್ ಮಾಡುವವರು ಮಾತ್ರ ‘ಫಾರ್ವರ್ಡೆಡ್ ಆಸ್ ರಿಸೀವ್ಡ್’ ಅಂತ ಹಾಕಿ ಕೈ ತೊಳೆದುಕೊಳ್ಳಬೇಡಿ. ಮಾನ ಕಳೆಯುವ ಟ್ವೀಟನ್ನು ರೀಟ್ವೀಟ್ ಮಾಡಿದರೂ ಪ್ರಕಟಿಸಿದ ಹಾಗೇ ಅಂತ 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ.

ದುಬೈಯಿಂದ ಒಬ್ಬರು: ಇಲ್ಲಿನ ನಮ್ಮ ಕನ್ನಡದವರ ಗ್ರೂಪಲ್ಲೂ ಇದೇ ಗಲಾಟೆ. ಇಲ್ಲಿಗೂ ಇದೇ ಕಾನೂನಾ?

ಉತ್ತರ: ಅಲ್ಲ, ಅಲ್ಲಿ ಇನ್ನೂ ಬಿಗಿ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಆನ್‌ಲೈನ್ ಬೈಗುಳಕ್ಕೆ ಜೈಲು, ಅಥವಾ ಎರಡೂವರೆ ಲಕ್ಷದಿಂದ ಐದು ಲಕ್ಷ ದಿರ್ಹಂವರೆಗೆ ದಂಡ, ಅಥವಾ ಎರಡೂ ಇದೆ. ನಮ್ಮಲ್ಲಿ ಮಾನನಷ್ಟ ಆಗಬೇಕಾದರೆ ಮೂರನೆಯವರ ಕಿವಿಗೆ ಬಿದ್ದಿರಬೇಕು. ಅಲ್ಲಿ ಒಬ್ಬರಿಗೇ ಕಳಿಸಿದ ವಾಟ್ಸಾಪ್ ಬೈಗುಳಕ್ಕೂ ಶಿಕ್ಷೆ ಆಗಿದೆ. ಅಲ್ಲಿನ ವಕೀಲರನ್ನೇ ಕೇಳಿ, ಅಲ್ಲಿಯವರೆಗೆ ಟೈಪ್ ಮಾಡಬೇಡಿ.

ಇಲ್ಲಿನವರಿಗೂ ಒಂದು ಮಾತು. ಜಗಳದಲ್ಲಿ ಜಾತಿ ಹಿಡಿದು ಬೈದರೆ ಅದು ಮಾನನಷ್ಟದಲ್ಲಿ ನಿಲ್ಲಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಹಾಗೆ ಅಂದರೆ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಅಲ್ಲಿ ಪೊಲೀಸರೇ ಎಫ್‌ಐಆರ್ ಹಾಕುತ್ತಾರೆ, ನಿರೀಕ್ಷಣಾ ಜಾಮೀನಿಗೂ ಕಾಯ್ದೆಯೇ ಅಡ್ಡ ಬರುತ್ತದೆ. ಹಾಗೆ ಬೈದವರ ಕೇಸ್ ಹಿಡಿದುಕೊಂಡು ನನ್ನ ಹತ್ತಿರ ಬರಬೇಡಿ.

ಪ್ರಶ್ನೆ ಕೇಳಿದವರು: ಮೇಡಂ, ಹಾಗಾದರೆ ಕ್ಷಮೆ ಕೇಳಿಬಿಡಲಾ? ಕೇಳಿದರೆ ಬಿಲ್ ವಿಷಯದಲ್ಲೂ ನಾನು ಸೋತ ಹಾಗೆ ಆಗಲ್ವಾ?

ಉತ್ತರ: ‘ಬೇಷರತ್’ ಅಂತ ಅವರು ಬರೆದುಕೊಟ್ಟ ಒಕ್ಕಣೆಗೆ ಸಹಿ ಹಾಕಬೇಡಿ, ಅದರಲ್ಲಿ ನಿಮ್ಮ ಆರೋಪವೆಲ್ಲ ಸುಳ್ಳು ಅಂತ ಒಂದು ಸಾಲು ಇದ್ದೇ ಇರುತ್ತದೆ. 7 ದಿನ ಅನ್ನುವುದು ಅವರೇ ಹಾಕಿಕೊಂಡ ಗಡುವು, ಆದರೂ ಎಳೆಯಬೇಡಿ. ಹತ್ತಿರದ ವಕೀಲರ ಕೈಯಲ್ಲಿ ಉತ್ತರ ಕೊಡಿಸಿ. ಸುಮಾರಾಗಿ ಹೀಗೆ: ‘ಆ ರಾತ್ರಿ ಇಬ್ಬರ ಮಾತೂ ಬಿಸಿಯಾಗಿತ್ತು. ಕಳ್ಳ ಅನ್ನುವ ಪದ ಬಳಸಿದ್ದಕ್ಕೆ ವಿಷಾದವಿದೆ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮೋಟರ್ ರಿಪೇರಿಯ ಬಿಲ್, ಕೊಟೇಶನ್ ಸದಸ್ಯನಾಗಿ ಕೇಳುವ ನನ್ನ ಹಕ್ಕು ಹಾಗೇ ಇದೆ, ದಯವಿಟ್ಟು ಕೊಡಿ.’ ಪದ ವಾಪಸ್, ಪ್ರಶ್ನೆ ವಾಪಸ್ ಅಲ್ಲ. ಅವರೂ ವರ್ಷಗಟ್ಟಲೆ ವಾಯಿದೆಗೆ ಓಡಾಡಬೇಕು, ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ನಿಮ್ಮ ವಕೀಲರು ಮೊದಲು ಕೇಳುವುದೇ ಆ ಬಿಲ್. ಅದು ಅವರ ವಕೀಲರಿಗೂ ಗೊತ್ತು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ನಾಳೆಯೇ ಒಬ್ಬ ವಕೀಲರನ್ನು ನೋಡುತ್ತೇನೆ. 28 ಸಹಿಗೂ ಓಡಾಡಲು ಶುರು ಮಾಡುತ್ತೇನೆ. ಗ್ರೂಪ್ ಮ್ಯೂಟ್ ಮಾಡಿದ್ದೇನೆ. ಆದರೆ ಮನೆಯವಳೂ ಅದೇ ಗ್ರೂಪಲ್ಲಿದ್ದಾಳೆ, ಅವಳು ಈಗ ಏನೋ ಟೈಪ್ ಮಾಡುತ್ತಿದ್ದಾಳೆ, ಒಂದು ನಿಮಿಷ ಬಂದೆ.