ಎಂಟು ಜನಕ್ಕೆ ಕೈಯಲ್ಲೇ ಮಾಡಿದ ಕ್ರಿಸ್ಮಸ್ ಉಡುಗೊರೆ, ಖರ್ಚು 1200 ರೂಪಾಯಿಯೊಳಗೆ: ಮೇಣದಬತ್ತಿ ಮತ್ತು ಕುಸ್ವಾರ್

ಪ್ರಶ್ನೆ (ಮಂಗಳೂರು_ಮನೆ):
ಅತ್ತೆ, ಮಾವ, ಅತ್ತಿಗೆಯಂದಿರು, ಮಕ್ಕಳು ಎಲ್ಲ ಸೇರಿ ಎಂಟು ಜನ. ತಲೆಗೆ 150 ರೂಪಾಯಿ ದಾಟಬಾರದು. ತಲಾ ಒಂದು ಸುವಾಸನೆಯ ಮೇಣದಬತ್ತಿ, ಜತೆಗೆ ಒಂದು ಪೊಟ್ಟಣ ಕುಸ್ವಾರ್ (ನಮ್ಮ ಕಡೆ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳು) ಕೊಡುವ ಯೋಚನೆ. ಎಷ್ಟು ಮೇಣ ತರಬೇಕು? ಮನೆಯಲ್ಲಿರುವ ವೆನಿಲ್ಲಾ ಎಸೆನ್ಸ್, ದೇವರ ದೀಪದ ಬತ್ತಿ, ತೆಂಗಿನ ಚಿಪ್ಪು ಬಳಸಬಹುದೇ? ಓವನ್ ಇಲ್ಲ.

ಉತ್ತರ (ಮೇಣ_ಬತ್ತಿ):
ಮೂರೂ ಬೇಡ. ಎಸೆನ್ಸಿನಲ್ಲಿರುವ ನೀರು ಮೇಣದೊಂದಿಗೆ ಬೆರೆಯದೆ ತಳಕ್ಕೆ ಇಳಿಯುತ್ತದೆ, ಬತ್ತಿ ಚಟಪಟ ಅಂದು ಆರುತ್ತದೆ. ದೀಪದ ಬತ್ತಿ ಮೇಣದಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಉರಿಯೂ ಒಂದೇ ಸಮ ಇರುವುದಿಲ್ಲ. ಚಿಪ್ಪು ಫೋಟೋಗೆ ಚೆಂದ, ಆದರೆ ಮೇಣ ತಳ ಮುಟ್ಟುವ ಹೊತ್ತಿಗೆ ಚಿಪ್ಪೇ ಹೊತ್ತಿಕೊಳ್ಳಬಹುದು. ಸಣ್ಣ ಸ್ಟೀಲ್ ಲೋಟ ತೆಗೆದುಕೊಳ್ಳಿ, ಒಡೆಯುವ ಭಯವಿಲ್ಲ, ಮತ್ತೆ ಕಾಫಿಗೂ ಆಗುತ್ತದೆ. ಬಿಸಿಯಾಗುವುದರಿಂದ ತಟ್ಟೆಯ ಮೇಲಿಟ್ಟು ಉರಿಸಬೇಕು ಎಂದು ಚೀಟಿ ಬರೆದಿಡಿ. ಗಾಜೇ ಬೇಕಿದ್ದರೆ ದಪ್ಪ ಗಾಜಿನದು.

ಅಳತೆ ಹೀಗೆ. ಲೋಟದ ಬಾಯಿಂದ ಒಂದು ಬೆರಳು ಕೆಳಗಿನವರೆಗೆ ನೀರು ತುಂಬಿ ತೂಕ ನೋಡಿ. ನೀರು 150 ಗ್ರಾಂ ಇದ್ದರೆ ಮೇಣ ಸುಮಾರು 130 ಗ್ರಾಂ ಬೇಕು. ಎಂಟು ಲೋಟಕ್ಕೆ 1040 ಗ್ರಾಂ ಆಯಿತು. ತಣಿದ ಮೇಲೆ ಬೀಳುವ ಗುಳಿ ತುಂಬಲು ಸೇರಿಸಿ ಒಂದೂಕಾಲು ಕಿಲೋ ಪ್ಯಾರಾಫಿನ್ ಮೇಣ ತನ್ನಿ. ಮೇಣದಬತ್ತಿಗೆಂದೇ ಮಾರುವ ಸುಗಂಧದ ಎಣ್ಣೆ 100 ಗ್ರಾಂ ಮೇಣಕ್ಕೆ 5 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಮೇಲ್ಮೈಯಲ್ಲಿ ಎಣ್ಣೆ ಬೆವರುತ್ತದೆ, ಹೊಗೆ ಹೆಚ್ಚುತ್ತದೆ. ಹೆಣೆದ ಹತ್ತಿ ಬತ್ತಿ, ತಳಕ್ಕೆ ತಗಡಿನ ಬಿಲ್ಲೆ ಇರುವುದನ್ನೇ ತನ್ನಿ.

ಮೇಣವನ್ನು ನೇರ ಉರಿಯ ಮೇಲೆ ಇಡಬೇಡಿ. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಕೊನೆಯ ಗಟ್ಟಿ ಕರಗಿದ ಮೇಲೆ ಒಲೆ ಆರಿಸಿ, ಎಣ್ಣೆ ಹಾಕಿ ಎರಡು ನಿಮಿಷ ನಿಧಾನ ಕಲಕಿ. ಬಿಲ್ಲೆಯನ್ನು ಒಂದು ಹನಿ ಮೇಣದಿಂದ ತಳಕ್ಕೆ ಅಂಟಿಸಿ, ಬತ್ತಿಯ ತುದಿಯನ್ನು ಎರಡು ಐಸ್‌ಕ್ಯಾಂಡಿ ಕಡ್ಡಿಯ ನಡುವೆ ಸಿಕ್ಕಿಸಿ ನಡುಮಧ್ಯ ನಿಲ್ಲಿಸಿ. ಪಾತ್ರೆಯ ಅಂಚಿನಲ್ಲಿ ತೆಳುವಾಗಿ ಕೆನೆಗಟ್ಟುವಾಗ ಸುರಿಯಿರಿ. ಉಳಿದ ಮೇಣವನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನೊಳಗೆ ಗಟ್ಟಿಯಾಗುತ್ತದೆ. ಅಪ್ಪಿತಪ್ಪಿ ಹೊತ್ತಿಕೊಂಡರೆ ನೀರು ಹಾಕದೆ ಮುಚ್ಚಳ ಮುಚ್ಚಿ.

ಮಂಗಳೂರು_ಮನೆ:
ಒಂದು ಮಾಡಿ ನೋಡಿದೆ. ಬತ್ತಿಯ ಸುತ್ತ ಗುಳಿ ಬಿದ್ದಿದೆ. ಉರಿಸಿದರೆ ನಡುವೆ ಬಾವಿಯ ಹಾಗೆ ಇಳಿಯುತ್ತದೆ, ಅಂಚಿನ ಮೇಣ ಹಾಗೇ ಉಳಿಯುತ್ತದೆ.

ಉತ್ತರ (ಮೇಣ_ಬತ್ತಿ):
ಇವು ಎರಡೂ ಬೇರೆ ಬೇರೆ ತೊಂದರೆ. ಪ್ಯಾರಾಫಿನ್ ತಣಿಯುವಾಗ ಕುಗ್ಗುತ್ತದೆ, ಹೊರಗೆ ಮೊದಲು ಗಟ್ಟಿಯಾಗಿ ನಡುವೆ ಟೊಳ್ಳು ಉಳಿಯುತ್ತದೆ, ಗುಳಿ ಅದರಿಂದ. ಮೇಲೆ ಗಟ್ಟಿ ಪದರ ಕಟ್ಟಿದಾಗ ಕಡ್ಡಿಯಿಂದ ಬತ್ತಿಯ ಪಕ್ಕ ಮೂರ್ನಾಲ್ಕು ತೂತು ಚುಚ್ಚಿ, ಪೂರ್ತಿ ತಣಿದ ಮೇಲೆ ಸ್ವಲ್ಪ ಹೆಚ್ಚು ಬಿಸಿಯಾದ ಮೇಣ ತುಂಬಿ.

ಬಾವಿ ಬಿದ್ದಿದ್ದು ಬತ್ತಿ ಸಣ್ಣದಾಗಿದ್ದಕ್ಕೆ. ಒಂದು ಗಾತ್ರ ದಪ್ಪದ್ದು ಹಾಕಿ. 6 ಸೆಂ.ಮೀ. ಬಾಯಿಯ ಲೋಟದಲ್ಲಿ ಎರಡು, ಎರಡೂವರೆ ಗಂಟೆಯಲ್ಲಿ ಕರಗಿದ ಮೇಣ ಅಂಚು ಮುಟ್ಟಬೇಕು. ಜ್ವಾಲೆ ಎತ್ತರವಾಗಿ ಮಸಿ ಕಟ್ಟಿದರೆ ಬತ್ತಿ ದಪ್ಪವಾಯಿತು ಎಂದರ್ಥ. ಮೊದಲ ಸಲ ಅಂಚು ಮುಟ್ಟುವ ಮುಂಚೆ ಆರಿಸಿದರೂ ಬಾವಿ ಬೀಳುತ್ತದೆ, ಚೀಟಿಯಲ್ಲಿ ಇದನ್ನೂ ಬರೆಯಿರಿ. ಬತ್ತಿ 5 ಮಿ.ಮೀ. ಬಿಟ್ಟು ಕತ್ತರಿಸಬೇಕು, ತಳದಲ್ಲಿ ಒಂದು ಸೆಂ.ಮೀ. ಮೇಣ ಉಳಿದಾಗ ನಿಲ್ಲಿಸಬೇಕು. ಎಂಟನ್ನೂ ಒಟ್ಟಿಗೆ ಸುರಿಯುವ ಮೊದಲು ಇನ್ನೊಂದು ಮಾಡಿ ಉರಿಸಿ ನೋಡಿ.

ಉತ್ತರ (ಕುಸ್ವಾರ್_ಡಬ್ಬಿ):
ಕುಸ್ವಾರಿನ ಎಲ್ಲ ತಿಂಡಿಗೆ ಕೈಹಾಕಬೇಡಿ, ಈ ದುಡ್ಡಿಗೆ ಕಿಡಿಯೊ (ಕರಿದು ಸಕ್ಕರೆ ಪಾಕ ಹಿಡಿಸಿದ ಮೈದಾ ಸುರುಳಿ) ಒಂದೇ ಸಾಕು. ನೆವ್ರಿ ಅಂದರೆ ಕರಿಗಡುಬು, ಅದಕ್ಕೆ ಹೂರಣದ ಖರ್ಚು ಬೇರೆ, ಸಾಗಿಸುವಾಗ ಅಂಚು ಬಿರಿಯುತ್ತದೆ.

ಅರ್ಧ ಕಿಲೋ ಮೈದಾ, ಎರಡು ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು, ಎರಡು ದೊಡ್ಡ ಚಮಚ ಬಿಸಿ ತುಪ್ಪ. ತುಪ್ಪವನ್ನು ಹಿಟ್ಟಿಗೆ ಚೆನ್ನಾಗಿ ಉಜ್ಜಿ, ದಪ್ಪ ತೆಂಗಿನಹಾಲು ಸ್ವಲ್ಪಸ್ವಲ್ಪ ಹಾಕಿ ಪೂರಿ ಹಿಟ್ಟಿಗಿಂತ ತುಸು ಮೆತ್ತಗೆ ಕಲಸಿ. ಸುಮಾರು 200 ಮಿ.ಲೀ. ಹಿಡಿಸೀತು. ಅರ್ಧ ಗಂಟೆ ಒದ್ದೆ ಬಟ್ಟೆ ಮುಚ್ಚಿಡಿ. ಗೋಲಿಗಿಂತ ಸಣ್ಣ ಉಂಡೆ ಮಾಡಿ, ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿ. ಅಂಚು ಸರಿಯಾಗಿ ಒತ್ತದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಕೆಡುವುದು ಹೆಚ್ಚಾಗಿ ಕರಿಯುವಾಗ. ಉರಿ ಜೋರಿದ್ದರೆ ಹೊರಗೆ ಬೇಗ ಕೆಂಪಾಗಿ ಒಳಗೆ ಪಸೆ ಉಳಿಯುತ್ತದೆ, ಮಾರನೇ ದಿನ ಮೆತ್ತಗೆ. ಸಣ್ಣ ಉರಿಯಲ್ಲಿ ಗುಳ್ಳೆ ಬಹುತೇಕ ನಿಲ್ಲುವವರೆಗೆ ಬೇಯಲಿ. ಪೂರ್ತಿ ಆರಿದ ಮೇಲೆ ಪಾಕ: 200 ಗ್ರಾಂ ಸಕ್ಕರೆ, 75 ಮಿ.ಲೀ. ನೀರು, ಎರಡೆಳೆ ಬಂದ ಕೂಡಲೇ ಒಲೆ ಆರಿಸಿ, ಕಿಡಿಯೊ ಹಾಕಿ ಬೆಳ್ಳಗೆ ಹರಳುಗಟ್ಟುವವರೆಗೆ ತಿರುಗಿಸುತ್ತಲೇ ಇರಿ. ಒಂದೆಳೆಗೇ ಹಾಕಿದರೆ ಅಂಟಂಟು. ಮೊಟ್ಟೆ ಇಲ್ಲದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ಎರಡು ವಾರ ಇರುತ್ತದೆ. ಡಿಸೆಂಬರ್ 18ರ ಆಸುಪಾಸಿಗೆ ಮಾಡಿ. ತಲಾ 100 ಗ್ರಾಂ ಹಂಚಬಹುದು.

ಮತ್ತೆ, ಮೇಣದಬತ್ತಿ ಹಾಗೂ ಕಿಡಿಯೊ ಒಂದೇ ಡಬ್ಬಿಗೆ ಹಾಕಬೇಡಿ. ಒಂದು ರಾತ್ರಿಯಲ್ಲೇ ತಿಂಡಿಗೆ ಸುಗಂಧದ ಎಣ್ಣೆಯ ವಾಸನೆ ಹಿಡಿಯುತ್ತದೆ.